ದಾಳವಿಲ್ಲದ ಆಟ ಕಲಿಸೋಣ

ನರ್ದ್ ಎಂದರೆ ಇಂದಿನ ಬ್ಯಾಕ್‌ಗ್ಯಾಮನ್: ಎರಡು ದಾಳ, 24 ಮನೆ, ಒಬ್ಬೊಬ್ಬರಿಗೆ 15 ಕಾಯಿ. ಇದನ್ನು ಆಡಬಾರದೆಂಬ ಎಚ್ಚರಿಕೆ ಸಹೀಹ್ ಮುಸ್ಲಿಂ ಹದೀಸ್ ಗ್ರಂಥದಲ್ಲಿದೆ. ಅದಕ್ಕೇ ನಮ್ಮ ನಾನಿ ಪಗಡೆಯನ್ನೂ ಬೇಡ ಅಂತಾರೆ. ಆದರೆ ಬರೀ ‘ಬೇಡ’ ಅಂದರೆ ಮಕ್ಕಳು ಮೊಬೈಲ್ ಲೂಡೋ ಹಿಡಿಯುತ್ತಾರೆ, ಅಲ್ಲಿಯೂ ದಾಳವೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಕಾನೂನು ತಡೆಯಬಹುದು, ಮಕ್ಕಳ ಕೈಗೆ ಬೇರೆ ಆಟ ಕೊಡಬೇಕಾದವರು ನಾವು.

ಆ ಆಟ ನಮ್ಮ ನಾಡಿನಲ್ಲೇ ಇದೆ: ಆಡು-ಹುಲಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ, ಹುಲಿಗೆ 3 ದೊಡ್ಡ ಕಲ್ಲು, ಆಡಿಗೆ 15 ಸಣ್ಣ ಕಲ್ಲು ಸಾಕು. ಆಚೆಯ ಜಾಗ ಖಾಲಿ ಇದ್ದರೆ ಹುಲಿ ಆಡನ್ನು ಹಾರಿ ತಿನ್ನುತ್ತದೆ. ಆಡುಗಳು ಒಂದರ ಹಿಂದೊಂದು ನಿಂತರೆ ಹುಲಿಗೆ ದಾರಿಯಿಲ್ಲ.

ದಾಳದ ಆಟವೂ ಎಣಿಕೆ ಕಲಿಸುತ್ತದೆ ಎನ್ನುವವರಿದ್ದಾರೆ. ನಿಜ. ಆದರೆ ಅಲ್ಲಿ ಸೋತ ಮಗು ದಾಳವನ್ನು ಬೈಯುತ್ತದೆ. ಆಡು-ಹುಲಿಯಲ್ಲಿ ಬೈಯಲು ಏನೂ ಇಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಲಾಭವೂ ನಷ್ಟವೂ ಆಡಿದವರ ಖಾತೆಗೇ ಜಮಾ.

ಈ ರಜೆಯಲ್ಲಿ ಸಾವಳಗಿಯ ಪ್ರತಿ ಮನೆಯ ಅಕ್ಕ-ಅಣ್ಣಂದಿರು ಒಬ್ಬ ಚಿಕ್ಕವರಿಗಾದರೂ ಇದನ್ನು ಕಲಿಸಲಿ.