ನೊರೆಯಿಲ್ಲದ ಕ್ಷೌರ



ಈ ತಿಂಗಳು ಬಹಳ ಸಣ್ಣದೆಂದು ತೋರುವ ವಿಷಯವೊಂದನ್ನು ತಮ್ಮ ಮುಂದಿಡುತ್ತಿದ್ದೇವೆ. ಅದು ಕ್ಷೌರದ ವಿಷಯ. ಅದರಲ್ಲಿಯೂ ಸಾಬೂನು, ಕುಂಚ, ನೊರೆ ಯಾವುದೂ ಇಲ್ಲದೆ, ಬರಿಯ ನೀರು ಹಚ್ಚಿ ಕತ್ತಿಯಿಂದ ಮಾಡುತ್ತಿದ್ದ ಹಳೆಯ ಕ್ಷೌರದ ವಿಷಯ. ದಿನವೂ ಕನ್ನಡಿಯ ಮುಂದೆ ನಿಲ್ಲುವ ನಾವು ಈ ಕೆಲಸದ ಹಿಂದೆ ಎಷ್ಟು ತಿಳಿವಳಿಕೆಯಿದೆ ಎಂಬುದನ್ನು ಯೋಚಿಸುವುದಿಲ್ಲ. ನಮಗೂ ಅದು ತಿಳಿದದ್ದು ತಡವಾಗಿಯೇ.

ನಮ್ಮ ಬಾಲ್ಯದಲ್ಲಿ, ಉತ್ತರ ಕರ್ನಾಟಕದ ನಮ್ಮ ಊರಿನಲ್ಲಿ, ಬೇವಿನ ಮರದ ಕೆಳಗಿನ ಕಟ್ಟೆಯೇ ಕ್ಷೌರದ ಅಂಗಡಿಯಾಗಿತ್ತು. ಊರೆಲ್ಲ ‘ಹಡಪದ ಕಾಕಾ’ ಎಂದು ಕರೆಯುತ್ತಿದ್ದ ಹಿರಿಯರು ಬಗಲಿನ ಚೀಲ ಬಿಚ್ಚಿದರೆ ಅದರಲ್ಲಿ ಒಂದು ಹಿತ್ತಾಳೆಯ ಬಟ್ಟಲು, ಎರಡು ಮೂರು ಕತ್ತಿ, ಮಸೆಯುವ ಕಲ್ಲು, ತೊಗಲಿನ ಪಟ್ಟಿ, ಅಂಗೈಯಗಲದ ಕನ್ನಡಿ, ಒಂದು ತುಂಡು ಪಟಕ; ಇಷ್ಟೇ. ವರ್ಷವಿಡೀ ಮನೆಮಂದಿಗೆಲ್ಲ ಕ್ಷೌರ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಜೋಳ ಒಯ್ಯುತ್ತಿದ್ದರು. ನಮ್ಮ ತಂದೆಯವರಿಗೆಂದು ಒಂದು ಕತ್ತಿಯನ್ನು ಎಣ್ಣೆ ಸವರಿದ ಅರಿವೆಯಲ್ಲಿ ಸುತ್ತಿ ಬೇರೆಯಾಗಿ ಇಟ್ಟಿರುತ್ತಿದ್ದರು.

ಓದಲೆಂದು ನಗರಕ್ಕೆ ಹೋದ ನಾವು ಸೇಫ್ಟಿ ರೇಜರು, ಸಾಬೂನಿನ ಟ್ಯೂಬು ಹಿಡಿದುಕೊಂಡು ಊರಿಗೆ ಬಂದೆವು. ಕಟ್ಟೆಯ ಮೇಲೆ ಕೂಡ್ರಲು ನಾಚಿಕೆಯಾಯಿತು. ಕಾಕಾ ಕರೆದಾಗ, “ನೊರೆಯಿಲ್ಲದ ಕ್ಷೌರ ನಮಗೆ ಆಗದು” ಎಂದು ನಾಲ್ಕು ಜನರ ಎದುರಿಗೇ ಹೇಳಿಬಿಟ್ಟೆವು. ಅವರು ಏನೂ ಅನ್ನಲಿಲ್ಲ. ಕತ್ತಿಯನ್ನು ಪಟ್ಟಿಯ ಮೇಲೆ ಎಳೆಯುತ್ತ ಕುಳಿತರು.

ಹಲವು ವರ್ಷಗಳ ಮೇಲೆ ತಂದೆಯವರು ವೃದ್ಧಾಪ್ಯದಿಂದ ಹಾಸಿಗೆ ಹಿಡಿದರು. ಜೀವಮಾನದಲ್ಲಿ ಒಮ್ಮೆಯೂ ಗಡ್ಡ ಬಿಟ್ಟುಕೊಂಡು ಪೂಜೆಗೆ ಕುಳಿತವರಲ್ಲ. ಮುಖ ಮುಟ್ಟಿ ನೋಡಿಕೊಂಡು ಸಂಕಟಪಡುತ್ತಿದ್ದರು. ನಾವು ಕುಂಚದಿಂದ ನೊರೆ ಹಚ್ಚಿದೆವು. ಮಲಗಿದವರ ತುಟಿಯೊಳಗೆ ಸಾಬೂನು ಇಳಿದು ಕೆಮ್ಮು ಹತ್ತಿತು. ಗಲ್ಲದ ಚರ್ಮ ಜೋಲುಬಿದ್ದಿದ್ದರಿಂದ ರೇಜರು ಒಂದೆಡೆ ಹಾರಿ, ಒಂದೆಡೆ ಗಾಯಮಾಡಿತು. ಅವರು ಕೈಯೆತ್ತಿ ಸಾಕೆಂದು ಸನ್ನೆ ಮಾಡಿದರು. ಅರ್ಧ ಮುಖಕ್ಕೆ ಕ್ಷೌರವಾಗಿ, ಅರ್ಧ ಮುಖ ಹಾಗೆಯೇ ಉಳಿಯಿತು.

ಮರುದಿನ ತಾಯಿಯವರೇ ಕಾಕಾನಿಗೆ ಹೇಳಿಕಳುಹಿಸಿದರು. ಅವರು ಬಂದು ಮೊದಲು ಪಡಸಾಲೆಯ ಹೊಸ್ತಿಲಲ್ಲಿ ನಿಂತರು. ಅಷ್ಟು ವರ್ಷ ನಮ್ಮ ಮನೆಯ ಒಳಗೆ ಅವರನ್ನು ಯಾರೂ ಕರೆದಿರಲಿಲ್ಲವೆಂಬುದು ಆಗ ನೆನಪಾಯಿತು. ಒಳಗೆ ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತವರೇ, “ತಮ್ಮಾ, ಆ ಸಾಬೂನು ಒಳಗಿಡು. ಒಂದು ತಂಬಿಗಿ ಬಿಸಿನೀರು, ಒಂದು ತೆಳ್ಳನ ಅರಿವಿ ಕೊಡು. ನೀರಿಗೆ ಸ್ವಲ್ಪ ಹೊತ್ತು ಕೊಡಬೇಕು, ಆಮ್ಯಾಲೆ ಕತ್ತಿ ತಾನಾ ಹೋಗತೈತಿ” ಎಂದರು.

ಉಗುರುಬೆಚ್ಚಗಿನ ನೀರಿನಲ್ಲಿ ಅರಿವೆಯನ್ನು ಅದ್ದಿ ಹಿಂಡಿ ಗಲ್ಲದ ಮೇಲೆ ಹೊದಿಸಿದರು. ಅದು ಆರುವ ಮೊದಲು ಮತ್ತೊಮ್ಮೆ ಅದ್ದಿದರು. ಬಳಿಕ ಬೆರಳ ತುದಿಯಿಂದ ನೀರನ್ನು ಕೂದಲಿನ ಬುಡಕ್ಕೆ ತಿಕ್ಕಿದರು. ಎಡಗೈಯಿಂದ ಚರ್ಮವನ್ನು ಬಿಗಿಹಿಡಿದು, ಕತ್ತಿಯ ಬೆನ್ನನ್ನು ಮುಖದಿಂದ ಸ್ವಲ್ಪವೇ ಎತ್ತಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಗೇಣಿನ ಕಾಲುಭಾಗದಷ್ಟು ಎಳೆಯುವರು, ಒರೆಸುವರು, ಮತ್ತೆ ನೀರು ಹಚ್ಚುವರು. ಇಡೀ ಮುಖವನ್ನು ಒಮ್ಮೆಗೇ ತೋಯಿಸಲಿಲ್ಲ. ಕತ್ತಿಯಾಡುವಷ್ಟೇ ಜಾಗಕ್ಕೆ ನೀರು. ತಂದೆಯವರು ಕಣ್ಣು ಮುಚ್ಚಿ ನಿದ್ದೆಹೋದರು. ನಾವು ಕೊಟ್ಟ ನೋಟಿನಲ್ಲಿ ತಮ್ಮ ಕೂಲಿಯಷ್ಟನ್ನೇ ಮುರಿದುಕೊಂಡು, “ಇಷ್ಟು ದುಡಿದೇನಿ” ಎಂದು ಉಳಿದುದನ್ನು ಹಿಂದಿರುಗಿಸಿದರು. ತಂದೆಯವರು ಇದ್ದಷ್ಟು ದಿನ ವಾರಕ್ಕೆರಡು ಬಾರಿ ತಪ್ಪದೆ ಬಂದರು.

ಅಂದು ಕಂಡ ಕೌಶಲ್ಯದ ಕಾರಣವನ್ನು ಮುಂದೆ ಓದಿ ತಿಳಿದುಕೊಂಡೆವು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿದಾಗ ಬಿರುಸು, ಎರಡು ಮೂರು ನಿಮಿಷ ನೀರು ಕುಡಿದರೆ ಉಬ್ಬಿ ಮೆದುವಾಗುತ್ತದೆ. ಮೆದುಮಾಡುವುದು ನೀರೇ ಹೊರತು ಸಾಬೂನಲ್ಲ. ನೊರೆಯ ಕೆಲಸವೆಂದರೆ ಆ ನೀರು ಆರದಂತೆ ಹಿಡಿದಿಡುವುದು, ಅಲಗು ಜಾರುವಂತೆ ಮಾಡುವುದು. ಆ ಎರಡು ಕೆಲಸಗಳನ್ನು ಕಾಕಾ ಮರಳಿ ಮರಳಿ ನೀರು ಹಚ್ಚುವುದರಿಂದಲೂ, ಚರ್ಮವನ್ನು ಬಿಗಿಹಿಡಿಯುವುದರಿಂದಲೂ ಸಾಧಿಸುತ್ತಿದ್ದರು. ಕತ್ತಿಯನ್ನು ಪಟ್ಟಿಗೆ ಎಳೆಯುವುದಕ್ಕೂ ಕಾರಣವುಂಟು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಕೂಡ ಬಾಗಿ ಒತ್ತಿದಾಗ ಅಲಗಿನ ಅಂಚನ್ನು ಸೂಕ್ಷ್ಮವಾಗಿ ಮುರಿಯಬಲ್ಲದು. ಒಣ ಕೂದಲಿಗೆ ಮೊಂಡು ಕತ್ತಿ ಹಾಕಿದರೆ ಚರ್ಮಕ್ಕೂ ಕೇಡು, ಕತ್ತಿಗೂ ಕೇಡು.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಒಂದೇ ಕತ್ತಿಯಿಂದ ಹತ್ತು ಮುಖಗಳಿಗೆ ಕ್ಷೌರ ಮಾಡುವ ರೂಢಿ ಅಪಾಯಕರ. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಕಾಮಾಲೆಯ ಹೆಪಟೈಟಿಸ್-ಬಿ ರೋಗಾಣು ಹರಡಬಲ್ಲದು. ಅದು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಪಟಕ ರಕ್ತವನ್ನು ನಿಲ್ಲಿಸೀತು, ರೋಗಾಣುವನ್ನು ಕೊಲ್ಲುತ್ತದೆಂದು ನಂಬಲಾಗದು. ಆದ್ದರಿಂದಲೇ ಈಗಿನ ಅಂಗಡಿಗಳಲ್ಲಿ ಬ್ಲೇಡನ್ನು ಅರ್ಧಕ್ಕೆ ಮುರಿದು ಕತ್ತಿಯ ಹಿಡಿಗೆ ಸಿಕ್ಕಿಸಿ, ಒಬ್ಬರಿಗೆ ಬಳಸಿದ ಮೇಲೆ ಎಸೆಯುತ್ತಾರೆ. ಹೊಸ ಬ್ಲೇಡು ಹಾಕಿರೆಂದು ಕೇಳಲು ಯಾರೂ ಸಂಕೋಚಪಡಬಾರದು. ಸಕ್ಕರೆ ಕಾಯಿಲೆಯುಳ್ಳವರು, ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಕತ್ತಿಯ ಗೊಡವೆಗೆ ಹೋಗದೆ ವೈದ್ಯರನ್ನು ಕೇಳಿ, ವಿದ್ಯುತ್ ಶೇವರ್ ಬಳಸುವುದು ಲೇಸು. ಕತ್ತಿ ಹಿಡಿದು ಅಭ್ಯಾಸವಿಲ್ಲದವರು ಇನ್ನೊಬ್ಬರ ಮುಖದ ಮೇಲೆ ಅದನ್ನು ಪ್ರಯೋಗಿಸಲೇಬಾರದು.

ಇನ್ನೊಂದು ಮಾತು. ಹಡಪವೆಂದರೆ ಎಲೆಯಡಕೆಯ ಚೀಲ; ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಹೆಸರು. 12ನೆಯ ಶತಮಾನದ ಕಲ್ಯಾಣದಲ್ಲಿ ಹಡಪದ ಅಪ್ಪಣ್ಣನವರು ಬಸವಣ್ಣನವರಿಗೆ ಎಷ್ಟು ಹತ್ತಿರದವರಾಗಿದ್ದರೆಂದರೆ, ಬಸವಣ್ಣನವರನ್ನು ಕಾಣಬಂದವರು ಮೊದಲು ಅಪ್ಪಣ್ಣನವರನ್ನು ಕಾಣಬೇಕಾಗಿತ್ತೆಂದು ಶರಣ ಪರಂಪರೆ ಹೇಳುತ್ತದೆ. ಅವರೂ ಅವರ ಪುಣ್ಯಸ್ತ್ರೀ ಲಿಂಗಮ್ಮನವರೂ ರಚಿಸಿದ ವಚನಗಳು ಇಂದಿಗೂ ಉಳಿದಿವೆ. ಅವರ ವಚನಗಳನ್ನು ಮನೆಯಲ್ಲಿ ಓದುತ್ತಿದ್ದ ನಾವೇ ಅದೇ ಕಾಯಕದ ಹಿರಿಯರನ್ನು ಹೊಸ್ತಿಲಲ್ಲಿ ನಿಲ್ಲಿಸಿದ್ದೆವು. ತಂದೆಯವರ ಕಾಯಿಲೆ ಬಾರದಿದ್ದರೆ ಅದು ನಮ್ಮ ಗಮನಕ್ಕೆ ಬರುತ್ತಿತ್ತೋ ಇಲ್ಲವೋ. ಕಟ್ಟೆಯ ಮೇಲೆ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆವು. ಕೇಳುವ ಮೊದಲೇ ಕಾಕಾ ಲಿಂಗೈಕ್ಯರಾದರು.

ತಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರ ಮುಖ ಮುಟ್ಟಿ ನೋಡಿರಿ. ನೊರೆಯನ್ನು ದೂರವಿಟ್ಟು, ಒದ್ದೆ ಅರಿವೆಯನ್ನು ಗಲ್ಲದ ಮೇಲೆ ಐದು ನಿಮಿಷ ಇಡಿರಿ. ಅವರದೇ ಆದ ಹೊಸ ಬ್ಲೇಡಿನ ರೇಜರಿನಿಂದ, ಚರ್ಮ ಬಿಗಿಹಿಡಿದು, ನಿಧಾನವಾಗಿ ಎಳೆಯಿರಿ. ಕೈ ನಡುಗುವುದಾದರೆ ಬಲ್ಲವರನ್ನು ಮನೆಗೆ ಕರೆಯಿರಿ. ಅವರನ್ನು ಒಳಗೆ ಕರೆದು ಕೂಡ್ರಿಸಿ, ಕುಡಿಯಲು ನೀರು ಕೊಟ್ಟು, ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ.