ಬೆಳೆಯುವುದು ಬೇರೆ, ಬಾಧಿಸುವುದು ಬೇರೆ

ಹಾಲ್ಕುರಿಕೆಯ ಸುತ್ತಿನ ತೆಂಗಿನ ಸೀಮೆಯಲ್ಲಿ ಬೆಳೆಗೆ ರೋಗ ಬಂತೆಂದರೆ ಶಿಲೀಂಧ್ರವನ್ನು ಕೊಲ್ಲುವ ಔಷಧಿಯ ಮಾತೇ ಮೊದಲು ಕೇಳಿಬರುತ್ತದೆ. ಆದರೆ ಶಿಲೀಂಧ್ರ ಬದುಕಿರುವುದು ಬೇರೆ, ಅದು ಬೆಳೆಯನ್ನು ಬಾಧಿಸುವುದು ಬೇರೆ. ಈ ಅಂತರವನ್ನು ಅರಿಯದೆ ಹೊಲ, ತೋಟಗಳನ್ನು ಕಾಪಾಡುವುದು ಕಷ್ಟ.

ನಮ್ಮ ರಾಗಿಯ ಬೆಂಕಿ ರೋಗವನ್ನೇ ನೋಡೋಣ. ಇದನ್ನು ತರುವ ಮ್ಯಾಗ್ನಪೋರ್ತೆ ಎಂಬ ಶಿಲೀಂಧ್ರವೇ ಭತ್ತವನ್ನೂ ಕಾಡುತ್ತದೆ. ಇದರ ಬೀಜಕಣ ಎಲೆಯ ಮೇಲೆ ಬಿದ್ದು, ತೇವ ದೊರೆತಾಗ ಮೊಳೆಯುತ್ತದೆ. ಎಲೆಯ ಗಡಸು ಮೇಣದ ಹೊದಿಕೆ ತಾಗಿದೊಡನೆ ಅದರೊಳಗೆ ಸಂದೇಶಗಳು ಹರಿಯುತ್ತವೆ. ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂದು ತೀರ್ಮಾನಿಸುವ ನಿಯಂತ್ರಕ ಪ್ರೋಟೀನುಗಳು ಎಚ್ಚರಗೊಳ್ಳುತ್ತವೆ. ಆಗ ಮೊಳಕೆಯ ತುದಿ ಕಪ್ಪು ಗುಮ್ಮಟದಂತೆ ಉಬ್ಬಿ, ವಾಯುಮಂಡಲದ ಸುಮಾರು 80 ಪಟ್ಟು ಒತ್ತಡದಿಂದ ಎಲೆಯನ್ನು ಚುಚ್ಚಿ ಒಳನುಗ್ಗುತ್ತದೆ.

ಎಂಎಸ್‌ಟಿ12 ಎಂಬ ಒಂದು ನಿಯಂತ್ರಕವನ್ನು ತೆಗೆದುಹಾಕಿದಾಗ ಏನಾಗುವುದೆಂಬುದು 2002ರಲ್ಲಿ ಪ್ರಕಟವಾಯಿತು. ಶಿಲೀಂಧ್ರ ಎಂದಿನಂತೆ ಬೆಳೆಯಿತು, ಬೀಜಕಣ ಬಿಟ್ಟಿತು, ಗುಮ್ಮಟವನ್ನೂ ಕಟ್ಟಿತು. ಎಲೆಯನ್ನು ಚುಚ್ಚಲು ಮಾತ್ರ ಅದಕ್ಕೆ ಸಾಧ್ಯವಾಗಲಿಲ್ಲ. ಭತ್ತದಲ್ಲಿ ಬಳಸುವ ಟ್ರೈಸೈಕ್ಲಜೋಲ್ ಕೂಡ ಗುಮ್ಮಟದ ಕಪ್ಪು ಬಣ್ಣದ ತಯಾರಿಕೆಯನ್ನು ತಡೆದೇ ಈ ಶಿಲೀಂಧ್ರದ ದಾರಿ ಮುಚ್ಚುತ್ತದೆ.

ಆದರೆ ವಿಜ್ಞಾನದ ಈ ಗೆಲುವನ್ನು ನಂಬಿ ಮೈಮರೆಯುವಂತಿಲ್ಲ. ಬೆಳೆ ತನ್ನನ್ನು ಗುರುತಿಸಲು ನೆರವಾಗುವ ವಂಶವಾಹಿಯನ್ನೇ ಕಳೆದುಕೊಂಡು, ಈ ಶಿಲೀಂಧ್ರ ರೋಗನಿರೋಧಕ ತಳಿಯನ್ನೂ ಮಣಿಸಬಲ್ಲದು. 1985ರಲ್ಲಿ ಬ್ರೆಜಿಲ್‌ನ ಗೋಧಿಯಲ್ಲಿ ಕಾಣಿಸಿಕೊಂಡ ಇದೇ ಬೆಂಕಿ ರೋಗ 2016ರಲ್ಲಿ ಬಾಂಗ್ಲಾದೇಶಕ್ಕೆ ಬಂದಿಳಿಯಿತು. ಹೋಬಳಿ ತುಂಬ ಒಂದೇ ರಾಗಿ ತಳಿಯನ್ನು ಬಿತ್ತುವುದೆಂದರೆ ಎಲ್ಲ ಮನೆಗಳಿಗೂ ಒಂದೇ ಬೀಗ ಹಾಕಿದಂತೆ. ಯೂರಿಯಾವನ್ನು ಅತಿಯಾಗಿ ಸುರಿಯುವುದು ಆ ಕಳ್ಳನಿಗೆ ಔತಣವಿಟ್ಟಂತೆ.

ತೆಂಗಿನ ತೋಟಕ್ಕೂ ಈ ವಿವೇಕ ಬೇಕು. ಬುಡ ಕೊಳೆಸುವ ಅಣಬೆ ರೋಗಕ್ಕೆ ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿಯೊಡನೆ ಟ್ರೈಕೊಡರ್ಮ ಕೊಡುವುದು ಶಿಫಾರಸಿನಲ್ಲಿದೆ. ಆ ಟ್ರೈಕೊಡರ್ಮವೂ ಒಂದು ಶಿಲೀಂಧ್ರವೇ! ಮಣ್ಣಿಗೆ ಸುರಿದ ವಿಷಕ್ಕೆ ಮಿತ್ರ, ಶತ್ರುವೆಂಬ ಭೇದ ತಿಳಿಯದು. ರೋಗದ ಮರದ ಸುತ್ತ ಕಂದಕ ತೋಡುವುದು, ಅದರ ಬುಡದ ನೀರು ಪಕ್ಕದ ಮರಕ್ಕೆ ಹರಿಯದಂತೆ ನೋಡಿಕೊಳ್ಳುವುದು, ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡುವುದು ನಮ್ಮ ಕೈಯಲ್ಲೇ ಇದೆ.

ವಿದ್ಯಾರ್ಥಿಗಳು ಶಿಲೀಂಧ್ರದ ಒಳಗುಟ್ಟನ್ನು ಪ್ರಯೋಗಾಲಯದಲ್ಲಿ ಅರಿಯಲಿ. ರೈತರು ಹಲವು ತಳಿಗಳ ಬೀಜವನ್ನು ಮನೆಯಲ್ಲಿ ಉಳಿಸಿಕೊಳ್ಳಲಿ. ಈ ಎರಡು ಕೆಲಸಗಳೂ ಒಟ್ಟಿಗೆ ನಡೆದಾಗಲೇ ಬೆಂಕಿ ರೋಗದ ಎದುರು ನಮ್ಮ ರಾಗಿ ನಿಲ್ಲಬಲ್ಲದು.