ಹುಡುಕಿದ್ದು ನಮ್ಮ ಡಿಸ್ಕಿನಲ್ಲಿ, ಕೇಳಿಸಿದ್ದು ಯಾರಿಗೆ?

ಸರ್ಕಾರಿ ಕಾಗದದ ಕೆಲಸ ಬಿತ್ತಂದ್ರೆ ನಮ್ಮ ಮಸರಕಲ್ ಕಡೆ ಜನ ದೇವದುರ್ಗ, ಮಾನ್ವಿ ಇಲ್ಲಾ ರಾಯಚೂರಿನ ಯಾವುದಾದರೂ ಆನ್‌ಲೈನ್ ಸೆಂಟರಿಗೆ ಹೋಗ್ತಾರೆ. ಜಾತಿ-ಆದಾಯ ಸರ್ಟಿಫಿಕೇಟು, ಪಹಣಿ, 371(ಜೆ) ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್ಪು... ಎಲ್ಲ ಅಲ್ಲೇ. ಸ್ಕ್ಯಾನ್ ಮಾಡಿದ್ದು ಗಿರಾಕಿಯ ಹೆಸರಲ್ಲೇ ಸೇವ್ ಆಗುತ್ತೆ. (ಹಳೇ ನುಡಿಯಲ್ಲಿ ಟೈಪಿಸಿದರೆ ಫೈಲಿನ ಹೆಸರು ಕಲಸುಮೇಲೋಗರ ಆಗೋದರಿಂದ ಹೆಸರು ಮಾತ್ರ ಇಂಗ್ಲಿಷಿನಲ್ಲಿ!) ಆರು ತಿಂಗಳ ಮೇಲೆ ಅದೇ ಗಿರಾಕಿ ಬಂದು “ಅಣ್ಣಾ, ಅದರದ್ದೇ ಇನ್ನೊಂದು ಪ್ರಿಂಟ್ ಕೊಡ್ರಿ” ಅಂದರೆ ಅಂಗಡಿಯವರು ವಿಂಡೋಸ್ ಕೀ ಒತ್ತಿ, ಹೆಸರು ಬರೆದು, ಮುಂದೆ ‘ಕಾಸ್ಟ್’ ಅಂತಲೋ ‘ಆಧಾರ್’ ಅಂತಲೋ ಟೈಪಿಸ್ತಾರೆ.

ನನ್ನ ತಕರಾರು ಇರೋದು ಇಲ್ಲೇ. ವಿಂಡೋಸ್ 10 ಮತ್ತು 11ರಲ್ಲಿ, ನಾವಾಗಿ ಬದಲಾಯಿಸದಿದ್ದರೆ, ಆ ಡಬ್ಬಿಯಲ್ಲಿ ಟೈಪಿಸಿದ್ದು ನಮ್ಮ ಡಿಸ್ಕನ್ನಷ್ಟೇ ಹುಡುಕೋದಿಲ್ಲ. ಟೈಪಿಸ್ತಾ ಇದ್ದ ಹಾಗೇ ಮೈಕ್ರೋಸಾಫ್ಟಿನ ಬಿಂಗ್‌ಗೂ ಹೋಗುತ್ತೆ. ಊರಿನ ಪುನೀತ್ ಅನ್ನೋ ಹುಡುಗನ ಫೈಲು ಹುಡುಕಿದರೆ ಪಕ್ಕದಲ್ಲಿ ಅಪ್ಪು ಫೋಟೋ ಬಂದು ಕೂತರೂ ಆಶ್ಚರ್ಯ ಇಲ್ಲ. ನ್ಯಾಯವಾಗಿ ಹೇಳಬೇಕಂದ್ರೆ, ಫೈಲಿನ ಒಳಗಿರೋದು ಹೋಗಲ್ಲ, ಟೈಪಿಸಿದ ಪದ ಮಾತ್ರ. “ಅಷ್ಟೇ ತಾನೇ, ಹೋದ್ರೆ ಹೋಗ್ಲಿ ಬಿಡ್ರಿ” ಅನ್ನೋರಿದ್ದಾರೆ. ಆದರೆ ಆ ಪದ ಯಾರದ್ದು ಸ್ವಾಮಿ? ಹೆಸರು ಗಿರಾಕಿಯದ್ದು, ಮುಂದಿನ ‘ಕಾಸ್ಟ್’ ಕೂಡ ಅವರದ್ದೇ. ಅಂಗಡಿಯವರಿಗೆ ಇಂಥದ್ದೊಂದು ಸೆಟ್ಟಿಂಗ್ ಇದೆ ಅಂತಲೇ ಗೊತ್ತಿಲ್ಲ. ಕೌಂಟರಿನ ಈಚೆ ಪಿಂಚಣಿ ಕಾಗದ ಹಿಡಿದು ನಿಂತ ಅಜ್ಜಿಯನ್ನಂತೂ ಯಾರೂ ಕೇಳಿಲ್ಲ.

ಮೈಕ್ರೋಸಾಫ್ಟನ್ನು ಮಾತ್ರ ಬೈದರೆ ತಪ್ಪಾಗುತ್ತೆ. ನಾವು ಬ್ಲಾಗಿಗರು ಎದೆ ತಟ್ಟಿಕೊಂಡು ಹೊಗಳ್ತಿದ್ದ ಉಬುಂಟು ಕೂಡ 2012ರ ಅಕ್ಟೋಬರಿನಲ್ಲಿ, 12.10 ಆವೃತ್ತಿಯಲ್ಲಿ, ಇದನ್ನೇ ಮಾಡಿತು. ಡ್ಯಾಶ್‌ನಲ್ಲಿ ನಮ್ಮದೇ ಫೈಲು ಹುಡುಕಿದರೆ ಆ ಪದ ಕೆನಾನಿಕಲ್ ಸರ್ವರಿಗೆ ಹೋಗಿ, ಅಮೆಜಾನಿನ ಸಾಮಾನುಗಳ ಪಟ್ಟಿ ತರ್ತಿತ್ತು! ರಿಚರ್ಡ್ ಸ್ಟಾಲ್‌ಮನ್ ಇದನ್ನು ಸೀದಾ ಸ್ಪೈವೇರ್ ಅಂದರು. ಬೇಡವಾದರೆ ಆಫ್ ಮಾಡಿಕೊಳ್ಳಬಹುದಲ್ಲ ಅನ್ನೋ ಸಮಜಾಯಿಷಿ ಆಗಲೂ ಇತ್ತು. ಕೊನೆಗೆ 2016ರ ಏಪ್ರಿಲ್‌ನಲ್ಲಿ, 16.04 ಬಂದಾಗ, ಅದು ಮೊದಲಿನಿಂದಲೇ ಆಫ್ ಆಯ್ತು. ಮೂರೂವರೆ ವರ್ಷ ಗದ್ದಲ ಮಾಡಿದ್ದಕ್ಕೆ, ನೋಡ್ರಿ. ಆಪಲ್‌ನವರ ಸ್ಪಾಟ್‌ಲೈಟ್ 2014ರ ಯೊಸೆಮಿಟಿಯಲ್ಲಿ ಹೀಗೇ ಮಾಡಿ ಬೈಸಿಕೊಂಡಿತ್ತು.

‘ಆಫ್ ಮಾಡಿಕೊಳ್ಳಿ’ ಅನ್ನೋದು ಒಪ್ಪಿಗೆ ಹೇಗಾಗುತ್ತೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 24 ಆಗಸ್ಟ್ 2017ರಂದು ಹೇಳಿದ್ದು, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಕೇಸಿನಲ್ಲೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಒಪ್ಪಿಗೆ ಅಂದರೆ ತಿಳಿದು, ಸ್ಪಷ್ಟವಾಗಿ, ತಾನೇ ಮುಂದೆ ಬಂದು ಕೊಡಬೇಕು ಅನ್ನುತ್ತೆ. ಸುಮ್ಮನಿರೋದು ಅದರಲ್ಲಿ ಬರಲ್ಲ.

ಇಷ್ಟಕ್ಕೂ ಇದು ಆಗದ ಕೆಲಸವೇನಲ್ಲ. ಯುರೋಪಿನ ಹೊಸ ಕಾನೂನಿಗೆ ಹೆದರಿ 2024ರಲ್ಲಿ ಮೈಕ್ರೋಸಾಫ್ಟ್ ಅಲ್ಲಿನವರಿಗೆ ಬಿಂಗ್ ಹುಡುಕಾಟ ತೆಗೆದುಹಾಕೋ ಅವಕಾಶ ಕೊಟ್ಟಿತು. ಜರ್ಮನಿಯವನಿಗೆ ಸಿಕ್ಕ ಆ ಸ್ವಿಚ್ಚು ಆಗ ದೇವದುರ್ಗದವನಿಗೆ ಸಿಗಲಿಲ್ಲ. ನಮಗಿದ್ದದ್ದು ರಿಜಿಸ್ಟ್ರಿಗೆ ಇಳಿದು ‘ಡಿಸೇಬಲ್ ಸರ್ಚ್ ಬಾಕ್ಸ್ ಸಜೆಷನ್ಸ್’ ಅನ್ನೋದನ್ನು ಸೇರಿಸಿ 1 ಅಂತ ಬರೆಯೋ ದಾರಿ. ದಿನಕ್ಕೆ ನೂರು ಪ್ರಿಂಟ್ ತೆಗೆಯೋ ಅಂಗಡಿಯವರಿಗೆ ಇದನ್ನು ಯಾರು ಹೇಳಿಕೊಡಬೇಕು? ಅದನ್ನು ಬಲ್ಲವರು ಮುಂದಿನ ಸಲ ಜೆರಾಕ್ಸಿಗೆ ಹೋದಾಗ ಐದು ನಿಮಿಷ ಜಾಸ್ತಿ ಕೂತು ಮಾಡಿಕೊಟ್ಟು ಬನ್ನಿ.